ಕ್ಯಾಬಿನೆಟ್ಟಿನ ಮುಂದಿನ ಹೆಡ್‌ಫೋನ್ ಜ್ಯಾಕ್: ವಯರ್ ಜೋಡಣೆಯಿಂದ ಸದ್ದು ಬರುವವರೆಗೆ, ಹಂತ ಹಂತವಾಗಿ

ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದವರು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಈಗ ಸಾಕಷ್ಟು ಇದ್ದಾರೆ. ಬೋರ್ಡು, ರ‍್ಯಾಮ್, ಡಿಸ್ಕ್ ಎಲ್ಲ ಸರಿಯಾಗಿ ಕೂತಿರುತ್ತದೆ. ಹಿಂದಿನ ಹಸಿರು ಜ್ಯಾಕಿನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. ಮುಂದಿನ ಜ್ಯಾಕಿಗೆ ಹೆಡ್‌ಫೋನ್ ಚುಚ್ಚಿದರೆ ಮಾತ್ರ ಸದ್ದೇ ಇಲ್ಲ. ಆಗ ಮೊದಲು ಡ್ರೈವರ್ ಬದಲಿಸುತ್ತಾರೆ. ಆಮೇಲೆ ವಿಂಡೋಸ್ ಹೊಸದಾಗಿ ಹಾಕುತ್ತಾರೆ. ಕೊನೆಗೆ ಬೋರ್ಡೇ ಹೋಗಿದೆ ಅಂತ ಕ್ಯಾಬಿನೆಟ್ ಹೊತ್ತು ಮಂಗಳೂರಿನ ಬಸ್ಸು ಹತ್ತುತ್ತಾರೆ.

ನನ್ನ ಮೇಜಿಗೆ ಬಂದ ಇಂಥ ಕಂಪ್ಯೂಟರುಗಳಲ್ಲಿ ಬೋರ್ಡು ಹಾಳಾಗಿದ್ದದ್ದು ತೀರಾ ಕಡಿಮೆ. ಹೆಚ್ಚಾಗಿ ಹತ್ತು ಪಿನ್ನಿನ ಒಂದು ಸಣ್ಣ ಜಾಗದಲ್ಲಿ ವಯರ್ ತಪ್ಪಿರುತ್ತದೆ, ಅಷ್ಟೇ. ಅದಕ್ಕೇ ಈ ಕ್ರಮವನ್ನು ಬಿಡಬೇಡಿ: ಮೊದಲು ವಯರ್, ಆಮೇಲೆ ಬಯಾಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್), ಸಾಫ್ಟ್‌ವೇರ್ ಎಲ್ಲಕ್ಕಿಂತ ಕೊನೆಗೆ.

## ಕೈಯಲ್ಲಿ ಏನೇನು ಬೇಕು

ಸ್ಟಾರ್ ತಲೆಯ ಸ್ಕ್ರೂಡ್ರೈವರ್, ಟಾರ್ಚ್, ಸಣ್ಣ ಚಿಮಟ, ಬೀಪ್ ಸದ್ದು ಮಾಡುವ ಮಲ್ಟಿಮೀಟರ್. ಮೀಟರ್ ದುಬಾರಿಯದ್ದು ಬೇಡ, ಅಗ್ಗದ್ದು ಸಾಕು. ಎರಡೂ ತುದಿಯಲ್ಲಿ 3.5 ಮಿಲಿಮೀಟರ್ ಪಿನ್ ಇರುವ ಆಕ್ಸ್ ಕೇಬಲ್ ಒಂದು ಬೇಕು. ಕಾರಿನ ಸ್ಟೀರಿಯೋಗೆ ಫೋನ್ ಜೋಡಿಸುತ್ತೇವಲ್ಲ, ಅದೇ. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಹೆಡ್‌ಫೋನ್ ಸರಿ ಇದೆಯಾ ಅಂತ ಹಿಂದಿನ ಜ್ಯಾಕಿನಲ್ಲಿ ಮೊದಲೇ ನೋಡಿಬಿಡಿ. ಮದರ್‌ಬೋರ್ಡಿನ ಕೈಪಿಡಿ ಕಳೆದುಹೋಗಿದ್ದರೆ ಬೋರ್ಡಿನ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟಿನಿಂದ ಇಳಿಸಿಕೊಳ್ಳಿ. ಅದರಲ್ಲಿ ಪಿನ್ ಚಿತ್ರ ಇದ್ದೇ ಇರುತ್ತದೆ.

## ಹಂತ 1: ಕರೆಂಟು ಪೂರ್ತಿ ತೆಗೆಯಿರಿ

ಶಟ್‌ಡೌನ್ ಮಾಡಿದರೆ ಸಾಲದು. ಸ್ವಿಚ್ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಎಳೆಯಿರಿ, ಯುಪಿಎಸ್ ಇದ್ದರೆ ಅದರಿಂದಲೂ ತೆಗೆಯಿರಿ. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಬೋರ್ಡಿನ ಮೇಲೆ ಸಣ್ಣ ದೀಪ ಉರಿಯುತ್ತಿದ್ದರೆ ಅದು ಆರುವವರೆಗೆ ಕಾಯಿರಿ.

ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ನಮ್ಮ ಕಡಲ ಕರೆಯ ತೇವದಲ್ಲಿ ಮೈಮೇಲೆ ಸ್ಟ್ಯಾಟಿಕ್ ಕಡಿಮೆಯೇ. ಆದರೂ ಡಿಸೆಂಬರ್, ಜನವರಿಯ ಒಣ ಬೆಳಗ್ಗೆ ಇದನ್ನು ಮರೆಯಬಾರದು. ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಸಂಜೆ ಗುಡುಗು ಶುರುವಾಗಿದ್ದರೆ ಕೆಲಸವನ್ನು ನಾಳೆಗೆ ಇಡಿ.

## ಹಂತ 2: ಬೋರ್ಡಿನ ಮೇಲೆ ಜಾಗ ಗುರುತಿಸಿ

ಹೆಚ್ಚಿನ ಬೋರ್ಡುಗಳಲ್ಲಿ ಆಡಿಯೋ ಹೆಡರ್, ಅಂದರೆ ಮುಂದಿನ ಜ್ಯಾಕಿನ ಕೇಬಲ್ ಕೂರುವ ಪಿನ್ನುಗಳ ಗುಂಪು, ಕೆಳಗಿನ ಅಂಚಿನಲ್ಲಿ, ಹಿಂಬದಿಯ ಮೂಲೆಗೆ ಹತ್ತಿರ ಇರುತ್ತದೆ. ಸೌಂಡ್ ಚಿಪ್ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಎರಡು ಸಾಲು, ಸಾಲಿಗೆ ಐದು ಜಾಗ. ಅದರಲ್ಲಿ ಒಂದು ಪಿನ್ ಇಲ್ಲ.

ಹೆಸರು ಒಂದೊಂದು ಕಂಪನಿಯದ್ದು ಒಂದೊಂದು ಥರ. ಏಸಸ್ ಬೋರ್ಡಿನಲ್ಲಿ ಎಎಎಫ್‌ಪಿ, ಗಿಗಾಬೈಟ್‌ನಲ್ಲಿ ಎಫ್ ಆಡಿಯೋ, ಎಂಎಸ್‌ಐನಲ್ಲಿ ಜೆಎಯುಡಿ1, ಆಸ್‌ರಾಕ್‌ನಲ್ಲಿ ಎಚ್‌ಡಿ ಆಡಿಯೋ1 ಎಂದು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಟಾರ್ಚ್ ಹಿಡಿದು ಆ ಹೆಸರನ್ನು ಕಣ್ಣಾರೆ ಓದಿ. ಅಂದಾಜಿನ ಮೇಲೆ ಹೋಗಬೇಡಿ.

## ಹಂತ 3: ಯುಎಸ್‌ಬಿ ಹೆಡರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ

ಜಾಸ್ತಿ ಹಾನಿ ಆಗುವುದು ಇಲ್ಲೇ. ಯುಎಸ್‌ಬಿ 2.0 ಹೆಡರ್ ಕೂಡ ಎರಡು ಸಾಲು, ಐದೈದು ಜಾಗ. ನೋಡಲು ಅವಳಿ ಮಕ್ಕಳ ಹಾಗೆ. ವ್ಯತ್ಯಾಸ ಇರುವುದು ಇಲ್ಲದ ಪಿನ್ನಿನ ಜಾಗದಲ್ಲಿ.

ಪಿನ್ ಲೆಕ್ಕ ಹೀಗೆ: ಒಂದು ಸಾಲಿನಲ್ಲಿ 1, 3, 5, 7, 9. ಅದರ ಎದುರು ಸಾಲಿನಲ್ಲಿ 2, 4, 6, 8, 10. ಆಡಿಯೋದಲ್ಲಿ 8ನೇ ಪಿನ್ ಇಲ್ಲ. ಯುಎಸ್‌ಬಿಯಲ್ಲಿ 9ನೇ ಪಿನ್ ಇಲ್ಲ. ನೆನಪಿಡಲು ಸುಲಭ ದಾರಿ ಇದೆ. ಮೂಲೆಯ ಪಿನ್ ಇಲ್ಲವೋ, ಅದು ಆಡಿಯೋ ಅಲ್ಲ. ಮೂಲೆಯಿಂದ ಒಂದು ಹೆಜ್ಜೆ ಒಳಗಿನ ಪಿನ್ ಇಲ್ಲವೋ, ಅದು ಆಡಿಯೋ. ಕೆಲವು ಬೋರ್ಡಿನಲ್ಲಿ ಸೀರಿಯಲ್ ಪೋರ್ಟಿನ ಹೆಡರ್ ಕೂಡ ಇದೇ ಗಾತ್ರದಲ್ಲಿ ಇರುತ್ತದೆ. ಅದರಲ್ಲಿಯೂ ಇಲ್ಲದ್ದು ಮೂಲೆಯ ಪಿನ್ನೇ.

ಯುಎಸ್‌ಬಿ ಹೆಡರಿನ 1 ಮತ್ತು 2ನೇ ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ. ಆಡಿಯೋ ಕೇಬಲಿನಲ್ಲಿ 2ನೆಯದು ಗ್ರೌಂಡ್, ಅಂದರೆ ಸಂಕೇತ ಮರಳುವ ವಯರ್. ತಪ್ಪಿ ಅಲ್ಲಿ ಕೂರಿಸಿದರೆ ಜ್ಯಾಕಿನ ಹೊರ ಲೋಹಕ್ಕೇ 5 ವೋಲ್ಟ್ ಹೋಗುತ್ತದೆ. ಅದು ಕ್ಯಾಬಿನೆಟ್ಟಿಗೆ ತಾಗಿದ್ದರೆ ನೇರ ಶಾರ್ಟ್. ಅಚ್ಚು ಹಾಕಿದ ಗಟ್ಟಿ ಪ್ಲಗ್ ಆದರೆ ಅದರ ಮುಚ್ಚಿದ 8ನೇ ತೂತು ಅಡ್ಡ ಬಂದು ಕೂರುವುದಿಲ್ಲ. ಬಿಡಿ ವಯರುಗಳಿಗೆ ಆ ಕಾವಲಿಲ್ಲ. ಪ್ಲಗ್ ಸುಲಭವಾಗಿ ಇಳಿಯದಿದ್ದರೆ ಒತ್ತಬೇಡಿ. ಅಲ್ಲಿಗೇ ನಿಲ್ಲಿಸಿ, ಮತ್ತೆ ಲೆಕ್ಕ ಮಾಡಿ. ಬಲ ಹಾಕಿ ಪಿನ್ ಬಗ್ಗಿಸಿದ ಬೋರ್ಡು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

## ಹಂತ 4: ಕೇಬಲಿನ ತುದಿ ನೋಡಿ

ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ಆಡಿಯೋ ಕೇಬಲಿಗೆ ಕೆಲವೊಮ್ಮೆ ಎರಡು ಪ್ಲಗ್ ಇರುತ್ತವೆ. ಒಂದರ ಮೇಲೆ ಎಚ್‌ಡಿ ಆಡಿಯೋ, ಇನ್ನೊಂದರ ಮೇಲೆ ಎಸಿ 97. ಮೊದಲನೆಯದು ಹೊಸ ಪದ್ಧತಿ, ಎರಡನೆಯದು ಹಳೆಯದು. ಇತ್ತೀಚಿನ ಬೋರ್ಡಿಗೆ ಎಚ್‌ಡಿ ಆಡಿಯೋ ಪ್ಲಗ್ ಮಾತ್ರ ಹಾಕಿ. ಇನ್ನೊಂದನ್ನು ಮಡಚಿ ಕಟ್ಟಿಡಿ. ಎರಡೂ ಪ್ಲಗ್ ಅದೇ ಹೆಡರಿನಲ್ಲಿ ಸರಾಗವಾಗಿ ಕೂರುತ್ತವೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಎಚ್‌ಡಿ ಜ್ಯಾಕಿನ ಒಳಗೆ ಸದ್ದಿನ ದಾರಿಗೆ ಸಂಬಂಧವಿಲ್ಲದ ಒಂದು ಪುಟ್ಟ ಸ್ವಿಚ್ ಇರುತ್ತದೆ. ಹೆಡ್‌ಫೋನ್ ಚುಚ್ಚಿದಾಗ ಅದು ಮುಚ್ಚಿ, ಚಿಪ್ಪಿಗೆ ಸುದ್ದಿ ಮುಟ್ಟಿಸುತ್ತದೆ. ಎಸಿ 97 ಜ್ಯಾಕಿನಲ್ಲಿ ಸ್ವಿಚ್ ಸದ್ದಿನ ದಾರಿಯಲ್ಲೇ ಇದೆ. ಏನೂ ಚುಚ್ಚದಿದ್ದಾಗ ಸದ್ದು ಆ ಸ್ವಿಚ್ ಮೂಲಕ ಹಿಂದಿನ ಸ್ಪೀಕರಿಗೆ ಮರಳುತ್ತದೆ. ಇದನ್ನು ಎಚ್‌ಡಿ ಬೋರ್ಡಿಗೆ ಪೂರ್ತಿ ಜೋಡಿಸಿದರೆ ಸದ್ದಿನ ವಯರ್ ಹೋಗಿ ಗುರುತಿಸುವ ಪಿನ್ನಿಗೆ ತಾಗುತ್ತದೆ. ಸದ್ದು ಬಂದರೂ ಬರಬಹುದು. ಆದರೆ ಹೆಡ್‌ಫೋನ್ ಹಾಕಿದ್ದು ತೆಗೆದದ್ದು ಬೋರ್ಡಿಗೆ ಸರಿಯಾಗಿ ತಿಳಿಯುವುದಿಲ್ಲ.

## ಹಂತ 5: ಬಿಡಿ ವಯರುಗಳಿದ್ದರೆ

ಹಳೆ ಕ್ಯಾಬಿನೆಟ್ ಸೆಕೆಂಡ್‌ಹ್ಯಾಂಡ್ ಆಗಿ ತಂದವರು ಸೋಲುವುದು ಇಲ್ಲಿ. ಒಂದೇ ಪ್ಲಗ್ ಬದಲು ಆರೇಳು ವಯರ್, ಒಂದೊಂದಕ್ಕೂ ಒಂದೊಂದು ಸಣ್ಣ ಟೋಪಿ. ಸುಮ್ನೆ ಬಣ್ಣ ನೋಡಿ ಜೋಡಿಸಬೇಡಿ. ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ನಾನು ಮೊದಲು ತಂದ ಹಳೆ ಕ್ಯಾಬಿನೆಟ್ಟಿನಲ್ಲಿ ಕಪ್ಪು ವಯರ್ ಗ್ರೌಂಡ್ ಅಂದುಕೊಂಡೆ. ಅದು ಎಡಗಿವಿಯ ವಯರ್ ಆಗಿತ್ತು. ಎರಡು ಸಂಜೆ ಅದರಲ್ಲೇ ಹೋಯಿತು.

ಎಚ್‌ಡಿ ಹೆಡರಿನ ಪಿನ್ನುಗಳು ಹೀಗಿವೆ. ಕಾಗದದಲ್ಲಿ ಬರೆದುಕೊಳ್ಳಿ.

- 1: ಮೈಕ್ ಎಡ
- 2: ಗ್ರೌಂಡ್
- 3: ಮೈಕ್ ಬಲ
- 4: ಮುಂದೆ ಎಚ್‌ಡಿ ಪ್ಯಾನೆಲ್ ಇದೆ ಎಂದು ತಿಳಿಸುವ ಪಿನ್. ಪ್ಯಾನೆಲ್ (ಕ್ಯಾಬಿನೆಟ್ಟಿನ ಮುಂದಿನ ಜ್ಯಾಕುಗಳಿರುವ ಭಾಗ) ಇದನ್ನು ಗ್ರೌಂಡಿಗೆ ಸೇರಿಸುತ್ತದೆ
- 5: ಹೆಡ್‌ಫೋನ್ ಬಲ
- 6: ಮೈಕ್ ಚುಚ್ಚಿದ್ದಾರೆ ಎಂದು ತಿಳಿಸುವ ಪಿನ್
- 7: ಗುರುತಿಸುವ ಸಂಕೇತ ಇಲ್ಲಿಂದ ಹೊರಡುತ್ತದೆ
- 8: ಪಿನ್ ಇಲ್ಲ
- 9: ಹೆಡ್‌ಫೋನ್ ಎಡ
- 10: ಹೆಡ್‌ಫೋನ್ ಚುಚ್ಚಿದ್ದಾರೆ ಎಂದು ತಿಳಿಸುವ ಪಿನ್

ಎಡ 9, ಬಲ 5. ಇದನ್ನು ತಿರುಗಾಮುರುಗಾ ಮಾಡುವವರೇ ಹೆಚ್ಚು. ಇನ್ನೊಂದು ತಪ್ಪೂ ಸಾಮಾನ್ಯ. ಬೋರ್ಡಿನ ಪಿನ್ ಚಿತ್ರವನ್ನೇ ಇಟ್ಟುಕೊಂಡು ಪ್ಲಗ್ಗಿನ ತೂತು ಎಣಿಸುತ್ತಾರೆ. ಪ್ಲಗ್ಗಿನ ಮುಖ ನಿಮ್ಮ ಕಡೆ ತಿರುಗಿಸಿದಾಗ ಅದು ಕನ್ನಡಿಯಲ್ಲಿ ನೋಡಿದ ಹಾಗೆ ತಿರುವಾಗಿರುತ್ತದೆ. ಮುಚ್ಚಿದ ತೂತನ್ನು 8 ಎಂದು ಹಿಡಿದು ಅಲ್ಲಿಂದ ಎಣಿಸಿದರೆ ತಪ್ಪುವುದಿಲ್ಲ.

ಟೋಪಿಗಳ ಮೇಲೆ ಎಲ್ ರೆಟ್, ಆರ್ ರೆಟ್ ಎಂದು ಇದ್ದರೆ ನಿಮ್ಮದು ಎಸಿ 97 ಪ್ಯಾನೆಲ್. ಆಗ ಎಲ್ಲ ವಯರನ್ನೂ ಜೋಡಿಸಬಾರದು. ಮೈಕ್ ವಯರ್ 1ಕ್ಕೆ, ಗ್ರೌಂಡ್ 2ಕ್ಕೆ, ಎಲ್ ಔಟ್ 9ಕ್ಕೆ, ಆರ್ ಔಟ್ 5ಕ್ಕೆ. ರೆಟ್ ಎಂದಿರುವ ಎರಡನ್ನೂ ಖಾಲಿ ಬಿಟ್ಟು, ತುದಿಗೆ ಟೇಪ್ ಸುತ್ತಿ ಕಟ್ಟಿಡಿ. ಆಸ್‌ರಾಕ್ ಬೋರ್ಡುಗಳ ಕೈಪಿಡಿಯಲ್ಲಿಯೂ ಎಸಿ 97 ಪ್ಯಾನೆಲಿಗೆ ಇದೇ ರೀತಿ ಹೇಳಿದ್ದಾರೆ.

ಇದರ ಉಲ್ಟಾ ಕೆಲಸ, ಅಂದರೆ ಹೊಸ ಪ್ಯಾನೆಲನ್ನು ತೀರಾ ಹಳೆಯ ಎಸಿ 97 ಬೋರ್ಡಿಗೆ ಹಾಕುವಾಗ ಎಚ್ಚರ ಬೇಕು. ಆ ಬೋರ್ಡಿನ 4ನೇ ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ. ಹೊಸ ಪ್ಯಾನೆಲ್ ಅದೇ ಪಿನ್ನನ್ನು ಗ್ರೌಂಡಿಗೆ ಎಳೆಯುತ್ತದೆ. ಹಾಗಾಗಿ 4ನೇ ವಯರ್ ಹಾಕಲೇಬೇಡಿ.

## ಹಂತ 6: ಬೋರ್ಡಿಗೆ ಹಾಕುವ ಮೊದಲೇ ಮೀಟರಿನಲ್ಲಿ ನೋಡಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಐದು ನಿಮಿಷದ ಕೆಲಸ, ಐದು ದಿನದ ತಲೆಬಿಸಿ ತಪ್ಪುತ್ತದೆ.

ಕೇಬಲ್ ಬೋರ್ಡಿನಿಂದ ಹೊರಗೇ ಇರಲಿ. ಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ. ಆಕ್ಸ್ ಕೇಬಲಿನ ಒಂದು ತುದಿಯನ್ನು ಕ್ಯಾಬಿನೆಟ್ಟಿನ ಹೆಡ್‌ಫೋನ್ ಜ್ಯಾಕಿಗೆ ಪೂರ್ತಿ ಚುಚ್ಚಿ. ಇನ್ನೊಂದು ತುದಿ ಕೈಯಲ್ಲಿ ಇರಲಿ. ಆ ಪಿನ್ನಿನಲ್ಲಿ ಮೂರು ಲೋಹದ ಭಾಗ ಕಾಣುತ್ತದೆ. ಚೂಪು ತುದಿ ಎಡಗಿವಿ, ನಡುವಿನ ಉಂಗುರ ಬಲಗಿವಿ, ಬುಡದ ಉದ್ದ ಭಾಗ ಗ್ರೌಂಡ್.

ಮೀಟರಿನ ಒಂದು ಕಡ್ಡಿಯನ್ನು ಚೂಪು ತುದಿಗೆ, ಇನ್ನೊಂದನ್ನು ಪ್ಲಗ್ಗಿನ 9ನೇ ತೂತಿಗೆ ಮುಟ್ಟಿಸಿ. ಬೀಪ್ ಬರಬೇಕು. ಉಂಗುರಕ್ಕೂ 5ಕ್ಕೂ ಬರಬೇಕು. ಬುಡಕ್ಕೂ 2ಕ್ಕೂ ಬರಬೇಕು. ತುದಿ ಮತ್ತು ಬುಡದ ನಡುವೆ ಬೀಪ್ ಬರಬಾರದು. ಬಂದರೆ ಎಲ್ಲೋ ಶಾರ್ಟ್ ಇದೆ. ಮೀಟರಿನ ಕಡ್ಡಿ ದಪ್ಪವಾಗಿ ತೂತಿಗೆ ಇಳಿಯದಿದ್ದರೆ ಹೊಲಿಗೆ ಸೂಜಿಯನ್ನು ಕಡ್ಡಿಗೆ ಸೇರಿಸಿ ಹಿಡಿಯಿರಿ. ತೂತಿನ ಒಳಗಿನ ಲೋಹವನ್ನು ಅಗಲ ಮಾಡಬೇಡಿ. ಅಗಲವಾದರೆ ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಈಗ ಸ್ವಿಚ್ ಪರೀಕ್ಷೆ. ಕಡ್ಡಿಗಳನ್ನು 7 ಮತ್ತು 10ಕ್ಕೆ ಇಡಿ. ಜ್ಯಾಕ್ ಖಾಲಿ ಇದ್ದಾಗ ಸದ್ದಿಲ್ಲ, ಚುಚ್ಚಿದಾಗ ಬೀಪ್. ಹೀಗೆ ಆದರೆ ಅದು ಸರಿಯಾದ ಎಚ್‌ಡಿ ಜ್ಯಾಕ್. ಚುಚ್ಚಿದರೂ ತೆಗೆದರೂ ಬೀಪ್ ಇಲ್ಲದಿದ್ದರೆ ಸ್ವಿಚ್ ಸತ್ತಿದೆ, ಇಲ್ಲವೇ ವಯರ್ ಕಡಿದಿದೆ. ಮೈಕ್ ಜ್ಯಾಕಿಗೂ ಹೀಗೆಯೇ. ಅಲ್ಲಿ ತುದಿ 1ಕ್ಕೆ, ಉಂಗುರ 3ಕ್ಕೆ, ಸ್ವಿಚ್ 7 ಮತ್ತು 6ಕ್ಕೆ.

ಬೀಪ್ ಬಿಟ್ಟು ಬಿಟ್ಟು ಬಂದರೆ ಜ್ಯಾಕಿನ ಹಿಂದಿನ ಬೆಸುಗೆ ನೋಡಿ. ಹೆಡ್‌ಫೋನ್ ಸಮೇತ ಕ್ಯಾಬಿನೆಟ್ ಎಳೆದಾಡಿದ ಮನೆಗಳಲ್ಲಿ ಈ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಸೋಲ್ಡರ್ ಬರುವವರು ಮತ್ತೊಮ್ಮೆ ಕಾಯಿಸಿ ಹಾಕಿದರೆ ಸಾಕು.

## ಹಂತ 7: ಕೇಬಲ್ ಎಳೆದು ಕೂರಿಸಿ

ಮುಂಭಾಗದಿಂದ ಹಿಂದಿನ ಮೂಲೆಗೆ ಕೇಬಲ್ ದೂರ ಹೋಗಬೇಕು. ಬೋರ್ಡ್ ತಟ್ಟೆಯ ಹಿಂಬದಿಯಿಂದ ಎಳೆದು ಕೆಳಗಿನ ತೂತಿನಿಂದ ಮೇಲೆ ತನ್ನಿ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ವಯರುಗಳ ಜೊತೆ ಒಂದೇ ಕಟ್ಟಿನಲ್ಲಿ ಸೇರಿಸಬೇಡಿ. ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಒರಗಿಸಬೇಡಿ. ಮೌಸ್ ಅಲ್ಲಾಡಿಸಿದಾಗ ಹೆಡ್‌ಫೋನಿನಲ್ಲಿ ಕಿರ್ ಕಿರ್ ಕೇಳುವುದಕ್ಕೆ ಇದೂ ಒಂದು ಕಾರಣ. ಕೇಬಲ್ ಬಿಗಿಯಾಗಿ ಎಳೆದು ನಿಂತಿದ್ದರೆ ಎಕ್ಸ್‌ಟೆನ್ಷನ್ ಕೇಬಲ್ ತನ್ನಿ. ಇಲ್ಲದಿದ್ದರೆ ಪ್ಲಗ್ ನಿಧಾನಕ್ಕೆ ಮೇಲೆದ್ದು ಬರುತ್ತದೆ.

ಪ್ಲಗ್ಗನ್ನು ನೇರವಾಗಿ ಇಳಿಸಿ. ಒಂದು ಸಾಲು ಆಚೀಚೆ ಆಗಿಲ್ಲ ತಾನೇ ಅಂತ ಬದಿಯಿಂದ ಟಾರ್ಚ್ ಹಾಕಿ ನೋಡಿ.

## ಹಂತ 8: ಬಯಾಸ್

ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಒಳಗೆ ಹೋಗಿ. ಅಡ್ವಾನ್ಸ್ಡ್ ಭಾಗದಲ್ಲಿ ಎಚ್‌ಡಿ ಆಡಿಯೋ ಕಂಟ್ರೋಲರ್ ಎನೇಬಲ್ಡ್ ಇರಬೇಕು. ಕೆಲವು ಬೋರ್ಡಿನಲ್ಲಿ ಫ್ರಂಟ್ ಪ್ಯಾನೆಲ್ ಟೈಪ್ ಎಂಬ ಸಾಲು ಇರುತ್ತದೆ. ಎಚ್‌ಡಿ ಪ್ಯಾನೆಲ್ ಆದರೆ ಎಚ್‌ಡಿ, ಹಳೆಯದಾದರೆ ಎಸಿ 97. ಆ ಸಾಲು ಕಾಣದಿದ್ದರೆ ಮುಂದೆ ಹೋಗಿ.

## ಹಂತ 9: ವಿಂಡೋಸ್, ಲಿನಕ್ಸ್

ವಿಂಡೋಸ್ 10 ಅಥವಾ 11ರಲ್ಲಿ ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್ ಯಾವುದಿದೆ ನೋಡಿ. ಎಚ್‌ಡಿಎಂಐ ಮಾನಿಟರ್ ಆಯ್ಕೆಯಾಗಿದ್ದರೆ ಸದ್ದು ಅಲ್ಲಿಗೆ ಹೋಗುತ್ತಿರುತ್ತದೆ. ರಿಯಲ್‌ಟೆಕ್ (ಬೋರ್ಡಿನ ಸೌಂಡ್ ಚಿಪ್) ಆರಿಸಿ. ಎಸಿ 97 ಪ್ಯಾನೆಲ್ ಇದ್ದವರು ರಿಯಲ್‌ಟೆಕ್ ಆಡಿಯೋ ಕನ್ಸೋಲಿನಲ್ಲಿ ಫ್ರಂಟ್ ಪ್ಯಾನೆಲ್ ಜ್ಯಾಕ್ ಡಿಟೆಕ್ಷನ್ ನಿಲ್ಲಿಸುವ ಆಯ್ಕೆ ಹುಡುಕಿ. ಎಚ್‌ಡಿ ಪ್ಯಾನೆಲ್ ಇದ್ದವರು ಇದನ್ನು ಮುಟ್ಟುವುದು ಬೇಡ. ಅವರಿಗೆ ಇದು ಬೇಕೇಬೇಕು ಅಂತ ಆದರೆ 6ನೇ ಹಂತದ ಸ್ವಿಚ್ ಪರೀಕ್ಷೆ ಫೇಲ್ ಆಗಿದೆ ಎಂದರ್ಥ.

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಗ್ನೂ ಲಿನಕ್ಸ್ ಬಳಸುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮನೆಯಲ್ಲಿಯೂ ಅದೇ ಇರುತ್ತದೆ. ಅದು ಉಬುಂಟು ಆಧಾರಿತ. ಟರ್ಮಿನಲ್ ತೆರೆದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಆಲ್ಸಾಮಿಕ್ಸರ್ (alsamixer) ಎಂದು ಟೈಪ್ ಮಾಡಿ. ಎಫ್6 ಒತ್ತಿ ನಿಮ್ಮ ಸೌಂಡ್ ಕಾರ್ಡ್ ಆರಿಸಿ. ಹೆಡ್‌ಫೋನ್ ಕಂಬದ ಕೆಳಗೆ ಎಂಎಂ ಎಂದಿದ್ದರೆ ಅದು ಮ್ಯೂಟ್ ಆಗಿದೆ. ಎಂ ಕೀ ಒತ್ತಿದರೆ ತೆರೆಯುತ್ತದೆ. ಬಾಣದ ಕೀಯಿಂದ ಸದ್ದು ಏರಿಸಿ. ಹೆಡ್‌ಫೋನ್ ಹಾಕಿದರೂ ಹಿಂದಿನ ಸ್ಪೀಕರ್ ನಿಲ್ಲದಿದ್ದರೆ ಅಲ್ಲೇ ಆಟೋ ಮ್ಯೂಟ್ ಎಂಬುದನ್ನು ಎನೇಬಲ್ಡ್ ಮಾಡಿ.

## ಹಂತ 10: ಕಿವಿಯಿಂದ ಪರೀಕ್ಷೆ

ಸದ್ದು ಸಣ್ಣಗೆ ಇಟ್ಟು ಶುರು ಮಾಡಿ. ಮೊದಲು ಎಡ ಬಲ ಸರಿಯಿದೆಯಾ ನೋಡಿ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ರೆಕಾರ್ಡಿಂಗ್ ಹಾಕಿ. ನಾನು ತೆಂಕುತಿಟ್ಟಿನ ಯಕ್ಷಗಾನ ಹಾಕುತ್ತೇನೆ. ಭಾಗವತರ ಸ್ವರ, ಚೆಂಡೆ, ಮದ್ದಳೆ ಮೂರೂ ನನ್ನ ಕಿವಿಗೆ ಪಾಠವಾಗಿದೆ. ಏನು ತಪ್ಪಿದರೂ ಕೂಡಲೇ ತಿಳಿಯುತ್ತದೆ.

ಸ್ಟೀರಿಯೋ ರೆಕಾರ್ಡಿಂಗಿನಲ್ಲಿ ಚೆಂಡೆ ದೂರದಿಂದ ಕೇಳಿದ ಹಾಗೆ ಇದೆ, ಭಾಗವತರ ಸ್ವರ ಮಾತ್ರ ಮಾಯವಾಗಿದೆ ಅಂದರೆ ಗ್ರೌಂಡ್ ವಯರ್ ತಾಗಿಲ್ಲ. ಗ್ರೌಂಡ್ ಇಲ್ಲದಿದ್ದಾಗ ಎರಡು ಕಿವಿಯ ಸ್ಪೀಕರುಗಳು ಒಂದಕ್ಕೊಂದು ಸರಣಿಯಲ್ಲಿ ಸೇರುತ್ತವೆ. ಎಡ ಬಲದ ವ್ಯತ್ಯಾಸ ಮಾತ್ರ ಕೇಳುತ್ತದೆ. ಎರಡೂ ಕಡೆ ಸಮವಾಗಿರುವ ಸ್ವರ ಕಳೆದುಹೋಗುತ್ತದೆ. ಹಳೆಯ ಮೋನೋ ರೆಕಾರ್ಡಿಂಗ್ ಆದರೆ ಹೆಚ್ಚುಕಡಿಮೆ ಏನೂ ಕೇಳುವುದಿಲ್ಲ. ಇದನ್ನು ಡ್ರೈವರಿನ ತೊಂದರೆ ಅಂತ ಎಷ್ಟು ಜನ ಅಂದುಕೊಂಡಿದ್ದಾರೋ!

ಪಿನ್ನನ್ನು ಸ್ವಲ್ಪ ಹೊರಗೆ ಎಳೆದರೆ ಮಾತ್ರ ಸದ್ದು ಸರಿಯಾಗುತ್ತದೆಯೇ? ನಿಮ್ಮದು ಮೂರು ಕಪ್ಪು ಗೆರೆಯ ಮೊಬೈಲ್ ಹೆಡ್‌ಸೆಟ್ ಇರಬಹುದು. ಅದರಲ್ಲಿ ಮೈಕ್ ಮತ್ತು ಹೆಡ್‌ಫೋನ್ ಎರಡೂ ಒಂದೇ ಪಿನ್ನಿನಲ್ಲಿ ಇವೆ. ಎರಡು ಜ್ಯಾಕಿನ ಕ್ಯಾಬಿನೆಟ್ಟಿಗೆ ವೈ ಆಕಾರದ ಸ್ಪ್ಲಿಟರ್ ಬೇಕು. ಜ್ಯಾಕ್ ಬಿಚ್ಚುವ ಮೊದಲು ಇದನ್ನು ನೋಡಿ.

ಒಂದೇ ಕಿವಿಯಲ್ಲಿ ಸದ್ದು ಬಂದರೆ 5 ಅಥವಾ 9ನೇ ವಯರ್. ಮೊದಲು ಅದನ್ನೇ ನೋಡಿ.

## ಹಂತ 11: ಗುಂಯ್ ಸದ್ದು, ಜುಮ್ಮೆನ್ನುವ ಕ್ಯಾಬಿನೆಟ್, ಕಿಲುಬು

ಈ ಮೂರು ನಮ್ಮ ಊರಿನ ಕಾಯಿಲೆಗಳು. ವಯರ್ ಎಲ್ಲ ಸರಿಯಿದ್ದೂ ಗುಂಯ್ ಎನ್ನುತ್ತಿದ್ದರೆ ಮನೆಯ ಅರ್ಥಿಂಗ್ ನೋಡಿಸಿ. ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಮಾರ್ಚ್, ಏಪ್ರಿಲ್ ಬಂತೆಂದರೆ ಅರ್ಥಿಂಗ್ ಗುಂಡಿ ಒಣಗಿ ಕಲ್ಲಾಗುತ್ತದೆ. ಮಳೆಗಾಲದಲ್ಲಿ ಇಲ್ಲದ ಗುಂಯ್ ಬೇಸಿಗೆಯಲ್ಲಿ ಬಂದರೆ ಗುಮಾನಿ ಅದರ ಮೇಲೆಯೇ ಇರಲಿ. ಗುಂಡಿಗೆ ನೀರು ಹಾಕಿ ನೋಡಿ, ಆಮೇಲೆ ಎಲೆಕ್ಟ್ರಿಷಿಯನ್ ಕರೆದು ಅಳತೆ ಮಾಡಿಸಿ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಸುಮ್ಮನಿರಬೇಡಿ. ಅರ್ಥಿಂಗ್ ಇಲ್ಲದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಕ್ಯಾಬಿನೆಟ್ಟಿನ ಮೇಲೆ 230 ವೋಲ್ಟಿನ ಅರ್ಧದಷ್ಟು ಬಂದು ಕೂರುತ್ತದೆ. ಸಾಮಾನ್ಯವಾಗಿ ಅದರ ಕರೆಂಟು ತೀರಾ ಸಣ್ಣದು. ಆದರೆ ಅದೇ ಜುಮ್ ಹೆಡ್‌ಫೋನಿನ ಗ್ರೌಂಡ್ ಮೂಲಕ ನಿಮ್ಮ ಕಿವಿಯವರೆಗೂ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಬೇಡಿ. ಮಕ್ಕಳಿಗಂತೂ ಹೆಡ್‌ಫೋನ್ ಕೊಡಲೇಬೇಡಿ, ಅರ್ಥಿಂಗ್ ಸರಿಯಾಗುವವರೆಗೆ.

ಇನ್ನು ಕಿಲುಬು. ಉಪ್ಪಳ, ಮಂಜೇಶ್ವರದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪಿನ ಗಾಳಿ, ಜೂನ್‌ನಿಂದ ಮಳೆಯ ತೇವ. ಜ್ಯಾಕಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಪಿನ್ ತಿರುಗಿಸಿದಾಗ ಕರಕರ ಅನ್ನುವುದು ಇದರ ಗುರುತು. ಕರೆಂಟು ತೆಗೆದು, 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಳೆ ಆಕ್ಸ್ ಪಿನ್ನಿಗೆ ಹಾಕಿ. ಜ್ಯಾಕಿಗೆ ಹತ್ತಿಪ್ಪತ್ತು ಸಲ ಚುಚ್ಚಿ ತೆಗೆಯಿರಿ. ಪೂರ್ತಿ ಒಣಗಲು ಬಿಡಿ. ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಹಾಕಬೇಡಿ. ಅದರಲ್ಲಿ ನೀರು, ಜಿಡ್ಡು ಎರಡೂ ಇವೆ. ತೆಂಗಿನೆಣ್ಣೆಯೂ ಬೇಡ, ಧೂಳು ಅಂಟುತ್ತದೆ. ಒರೆಸಿದ ಮೇಲೂ ಕರಕರ ಹೋಗದಿದ್ದರೆ ಜ್ಯಾಕ್ ಬದಲಿಸಿ. ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಕಾಲುಗಳ ಸಂಖ್ಯೆ ಮತ್ತು ಸ್ವಿಚ್ ಎರಡೂ ಹೊಂದಬೇಕು.

ಎಲ್ಲ ಮುಗಿದ ಮೇಲೆ 5ನೇ ಹಂತದಲ್ಲಿ ಬರೆದ ಆ ಕಾಗದ ಇದೆಯಲ್ಲ, ಅದರಲ್ಲಿ ಯಾವ ಬಣ್ಣದ ವಯರ್ ಯಾವ ಪಿನ್ನಿಗೆ ಹೋಗಿದೆ ಅಂತ ಸೇರಿಸಿ, ತಾರೀಕು ಹಾಕಿ, ಕ್ಯಾಬಿನೆಟ್ಟಿನ ಬದಿ ಬಾಗಿಲಿನ ಒಳಮೈಗೆ ಅಂಟಿಸಿ. ಆಮೇಲೆ ಬಾಗಿಲು ಮುಚ್ಚಿ ಸ್ಕ್ರೂ ಬಿಗಿ ಮಾಡಿ.